ಸುಣ್ಣದ ಕಸೂತಿ

ಕೆಲಸದ ಮೇಲೆ ಸ್ಲೊವಾಕಿಯಾಕ್ಕೆ ಹೋಗಿದ್ದಾಗ ಒಂದು ಭಾನುವಾರ ಝಿಲಿನಾ ನಗರದಿಂದ ಚಿಚ್ಮನಿ ಎಂಬ ಹಳ್ಳಿಗೆ ಹೋಗಿದ್ದೆ. ಬೆಟ್ಟಗಳ ನಡುವೆ ಮರದ ದಿಮ್ಮಿಗಳಿಂದ ಕಟ್ಟಿದ ಕಪ್ಪು ಮನೆಗಳು. ಗೋಡೆಗಳ ಮೇಲೆ ಬಿಳಿ ಸುಣ್ಣದ ಚಿತ್ತಾರ. ಅದನ್ನು ನೋಡಿದ ಯಾವ ಕನ್ನಡಿಗನಿಗೂ ಮಲೆನಾಡಿನ ದೀವರ ಹಸೆ ನೆನಪಾಗದೆ ಇರದು.

ಆದರೆ ಹಸೆಗೆ ಮದುವೆಯ ಸಂಭ್ರಮ ಕಾರಣವಾದರೆ, ಇಲ್ಲಿಯದು ಮೊದಲು ಕೇವಲ ಉಪಯೋಗಕ್ಕೆ ಹುಟ್ಟಿದ್ದು. ಬಿಸಿಲು ಮಳೆಗೆ ದಿಮ್ಮಿ ಬಿರುಕು ಬಿಡುತ್ತಿತ್ತು. ಮನೆಯ ಮೂಲೆಗಳಿಗೆ, ಕಿಟಕಿಯ ಸುತ್ತ ಹೆಂಗಸರು ಸುಣ್ಣ ಬಳಿದರು. ಬಳಿಯುವ ಕೈ ಸುಮ್ಮನಿರಲಿಲ್ಲ. ತಮ್ಮ ಉಡುಪಿನ ಮೇಲೆ ತಾವೇ ಹಾಕುತ್ತಿದ್ದ ಕಸೂತಿಯ ನಮೂನೆಗಳನ್ನೇ ಗೋಡೆಗೂ ತಂದರು. ಕುರಿ ಸಾಕಿ ಬದುಕುತ್ತಿದ್ದ ಈ ಊರಿನಲ್ಲಿ ದೊಡ್ಡ ಅವಿಭಕ್ತ ಕುಟುಂಬಗಳು ಒಂದೇ ಸೂರಿನಡಿ ಇರುತ್ತಿದ್ದವು.

1921ರಲ್ಲಿ ಬೆಂಕಿ ಬಿದ್ದು ಊರಿನ ದೊಡ್ಡ ಭಾಗ ಸುಟ್ಟುಹೋಯಿತು. ಚೆಕೊಸ್ಲೊವಾಕಿಯಾ ಎಂಬ ದೇಶ ಹುಟ್ಟಿ ಆಗಿನ್ನೂ ಮೂರು ವರ್ಷ. ಇಟ್ಟಿಗೆಯ ಮನೆ ಕಟ್ಟಿದ್ದರೆ ಬೆಂಕಿಯ ಭಯ ಕಡಿಮೆಯಾಗುತ್ತಿತ್ತು. ಆದರೂ ವಾಸ್ತುಶಿಲ್ಪಿ ದುಶಾನ್ ಯುರ್ಕೊವಿಚ್ ಅವರ ಮೇಲ್ವಿಚಾರಣೆಯಲ್ಲಿ, ಸರ್ಕಾರದ ನೆರವಿನಿಂದ, ಮನೆಗಳು ಹಳೆಯ ಮಾದರಿಯಲ್ಲೇ ಮರದಲ್ಲೇ ಎದ್ದವು. ಚಿತ್ತಾರ ಮೂಲೆ ಬಿಟ್ಟು ಇಡೀ ಗೋಡೆಗೆ ಹಬ್ಬಿದ್ದು ಹೆಚ್ಚಾಗಿ ಅನಂತರವೇ. 1977ರಲ್ಲಿ ಇದು ಸಂರಕ್ಷಿತ ಜಾನಪದ ವಾಸ್ತುಶಿಲ್ಪದ ತಾಣವಾಯಿತು.

ಇದನ್ನು ತಿಳಿದಾಗ ನನಗೆ ಸ್ವಲ್ಪ ನಿರಾಸೆಯಾಯಿತು. ಹಾಗಾದರೆ ನಾನು ನೋಡಿದ್ದು ಅಸಲಿಯಲ್ಲವೇ? ಆಮೇಲೆ ಯೋಚಿಸಿದೆ: ಸುಣ್ಣ ಹೇಗೂ ಮಳೆಗೆ ಅಳಿಯುವಂಥದ್ದು. ಬೆಂಕಿ ಬೀಳದಿದ್ದರೂ ಅದನ್ನು ಮತ್ತೆ ಮತ್ತೆ ಬರೆಯಲೇಬೇಕಿತ್ತು. ಅಂದರೆ ಪರಂಪರೆ ಇದ್ದದ್ದು ಗೋಡೆಯಲ್ಲಲ್ಲ, ಬರೆಯುವ ಕೈಯಲ್ಲಿ. ಗೋಡೆ ಸುಟ್ಟರೂ ಕೈಗೆ ನೆನಪಿತ್ತು, ಅದಕ್ಕೇ ಊರು ಮರಳಿ ಬಂತು. ಕಾನೂನು ಮನೆಯನ್ನು ಕಾಯಬಲ್ಲದು, ಆ ಕೈಯನ್ನು ಮನೆಯವರೇ ಕಾಯಬೇಕು.

ಪುಣೆಯ ನಮ್ಮ ಫ್ಲ್ಯಾಟಿನ ಹೊಸ್ತಿಲಿಗೆ ರಂಗೋಲಿಯ ಸ್ಟಿಕ್ಕರ್ ಅಂಟಿಸಿದ್ದೇವೆ. ಅಮ್ಮ ಬಂದಾಗ ಮಾತ್ರ ಅದರ ಪಕ್ಕದಲ್ಲೇ ಪುಡಿಯಿಂದ ನಾಲ್ಕೆಳೆ ಎಳೆಯುತ್ತಾರೆ. ಸ್ಟಿಕ್ಕರ್ ಅಳಿಸುವುದಿಲ್ಲ. ಅದಕ್ಕೇ ನನ್ನ ಮಗಳಿಗೆ ಇದುವರೆಗೆ ರಂಗೋಲಿ ಕಲಿಯುವ ಅಗತ್ಯವೇ ಬಿದ್ದಿಲ್ಲ.