ತುಪ್ಪ, ಮೊಟ್ಟೆ ಬಿಟ್ಟರೆ ಕೊಲೆಸ್ಟ್ರಾಲ್ ಮಾತ್ರೆ ಬೇಡವೇ? ಕರುಳಿನಲ್ಲಿ ಕೆಲಸ ಮಾಡುವ ಔಷಧಗಳು ಹೇಳುವುದೇನು

"ಕೊಲೆಸ್ಟ್ರಾಲ್ ಬರುವುದು ಊಟದಿಂದ. ತುಪ್ಪ, ಮೊಟ್ಟೆ ಬಿಡಿ, ಮಾತ್ರೆ ಎಸೆಯಿರಿ." ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದು ಅರ್ಧ ಸತ್ಯವೂ ಅಲ್ಲ. ಸ್ಟೆಂಟ್ ಹಾಕಿಸಿಕೊಂಡವರು ಇದನ್ನು ನಂಬಿ ಮಾತ್ರೆ ಬಿಟ್ಟರೆ ಅಪಾಯ.

ಮೊಟ್ಟೆ, ಮಾಂಸ ತಿನ್ನುವವರ ಊಟದಿಂದ ಕರುಳಿಗೆ ದಿನಕ್ಕೆ ಸುಮಾರು 300 ಮಿಲಿಗ್ರಾಂ ಕೊಲೆಸ್ಟ್ರಾಲ್ ಸೇರುತ್ತದೆ. ಅದರ ಎರಡು-ಮೂರು ಪಟ್ಟನ್ನು ನಮ್ಮದೇ ಲಿವರ್ ಪಿತ್ತರಸದ ಜೊತೆ ಕರುಳಿಗೆ ಸುರಿಯುತ್ತದೆ. ಒಟ್ಟು ಮೊತ್ತದಲ್ಲಿ ಹೆಚ್ಚುಕಡಿಮೆ ಅರ್ಧ ಮತ್ತೆ ರಕ್ತಕ್ಕೆ ಹೋಗುತ್ತದೆ. "ನಾವು ಮೊಟ್ಟೆ ಮುಟ್ಟೋದೇ ಇಲ್ಲ, ನಮಗೇಕೆ ಕೊಲೆಸ್ಟ್ರಾಲ್?" ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಇಲ್ಲಿದೆ.

ಹಾಗಾದರೆ ಕರುಳಿನಲ್ಲೇ ತಡೆದರೆ? ಮೊದಲು ಬಂದದ್ದು ಕೊಲೆಸ್ಟಿರಮೈನ್ ಎಂಬ ಪುಡಿ. ಇದು ಪಿತ್ತದ ಆಮ್ಲಗಳನ್ನು ಹಿಡಿದು ಮಲದ ಜೊತೆ ಹೊರಹಾಕುತ್ತದೆ. ಹೊಸ ಪಿತ್ತ ತಯಾರಿಸಲು ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳಬೇಕಾಗುತ್ತದೆ. ಅಮೆರಿಕದಲ್ಲಿ 3,806 ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1984ರಲ್ಲಿ ಬಂತು: ಹೃದಯಾಘಾತ ಮತ್ತು ಹೃದ್ರೋಗದ ಸಾವು ಶೇ. 19ರಷ್ಟು ಕಡಿಮೆ. ಆದರೆ ಮರಳಿನಂಥ ಪುಡಿ, ಮಲಬದ್ಧತೆ ಬೇರೆ. ದಿನವೂ ಕುಡಿಯುವವರು ಯಾರು?

ನಂತರದ ಕಥೆ ನಮಗೆ ಹೆಚ್ಚು ಇಷ್ಟ. ಶೆರಿಂಗ್-ಪ್ಲೌ ಕಂಪನಿಯ ವಿಜ್ಞಾನಿಗಳು ಹುಡುಕುತ್ತಿದ್ದದ್ದು ಒಂದು ಕಿಣ್ವವನ್ನು ತಡೆಯುವ ಔಷಧ. ಸಿಕ್ಕಿದ್ದು ಆ ಕಿಣ್ವವನ್ನು ಅಷ್ಟಾಗಿ ತಡೆಯದಿದ್ದರೂ ಪ್ರಾಣಿಗಳಲ್ಲಿ ಕೊಲೆಸ್ಟ್ರಾಲ್ ಇಳಿಸುವ ವಸ್ತು! ಅದರಿಂದ ಬಂದ ಎಜೆಟಿಮೈಬ್ ಮಾತ್ರೆಗೆ 2002ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ಮುಚ್ಚುವ ಕರುಳಿನ 'ಬಾಗಿಲು', ಅಂದರೆ ಎನ್‌ಪಿಸಿ1ಎಲ್1 ಎಂಬ ಪ್ರೋಟೀನ್, ಪತ್ತೆಯಾದದ್ದು 2004ರಲ್ಲಿ.

ಬಾಗಿಲು ಮುಚ್ಚಿದರೆ ಲಿವರ್ ಸುಮ್ಮನಿರುವುದಿಲ್ಲ, ತಾನೇ ಹೆಚ್ಚು ಕೊಲೆಸ್ಟ್ರಾಲ್ ತಯಾರಿಸುತ್ತದೆ. ಹಾಗಾಗಿ ಈ ಮಾತ್ರೆ ಒಂದೇ ಆದರೆ 'ಕೆಟ್ಟ' ಎಲ್‌ಡಿಎಲ್ ಇಳಿಯುವುದು ಸುಮಾರು ಶೇ. 18. ಲಿವರ್‌ನ ತಯಾರಿಕೆಯನ್ನು ತಗ್ಗಿಸುವುದು ಸ್ಟ್ಯಾಟಿನ್. ಎರಡನ್ನೂ ಜೊತೆಗೆ ಕೊಡುವುದು ಇದಕ್ಕೇ. ಹೃದಯಾಘಾತದಂಥ ತೊಂದರೆಯಾಗಿ ಆಸ್ಪತ್ರೆ ಸೇರಿದ್ದ 18,144 ಜನರ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಏಳು ವರ್ಷಗಳಲ್ಲಿ ಹೃದಯ, ಪಾರ್ಶ್ವವಾಯುವಿನ ದೊಡ್ಡ ತೊಂದರೆಗಳು ಸ್ಟ್ಯಾಟಿನ್ ಮಾತ್ರ ತೆಗೆದುಕೊಂಡವರಲ್ಲಿ ಶೇ. 34.7, ಎರಡನ್ನೂ ತೆಗೆದುಕೊಂಡವರಲ್ಲಿ ಶೇ. 32.7. ನೂರು ಜನರಲ್ಲಿ ಇಬ್ಬರು. ಪವಾಡವಲ್ಲ, ಆದರೆ ಆ ಇಬ್ಬರಲ್ಲಿ ನಮ್ಮ ಮನೆಯವರೂ ಇರಬಹುದು.

ಇಸಬ್‌ಗೋಲ್ ಕುಡಿದರೆ ಸಾಲದೇ ಎನ್ನುವವರಿಗೆ: ಅದೂ ಕರುಳಿನಲ್ಲೇ ಪಿತ್ತ ಹಿಡಿಯುತ್ತದೆ, ಎಲ್‌ಡಿಎಲ್ ಸ್ವಲ್ಪ ಇಳಿಯುತ್ತದೆ. ಕುಡಿಯಿರಿ, ಮಾತ್ರೆ ಜೊತೆಜೊತೆಗೇ ಬೇಡ, ನಡುವೆ ಎಷ್ಟು ಹೊತ್ತು ಬಿಡಬೇಕೆಂದು ಡಾಕ್ಟರನ್ನು ಕೇಳಿ. ಸ್ಟ್ಯಾಟಿನ್ ನಿಲ್ಲಿಸುವ ಮುನ್ನವೂ ಅವರನ್ನೇ ಕೇಳಿ, ಗ್ರೂಪನ್ನಲ್ಲ.