ಪ್ರತಿ ಮಾಡಿದ್ದರಿಂದ ಉಳಿದದ್ದು

ಹತ್ತನೆಯ ಶತಮಾನದ ಕವಿ ಪೊನ್ನನ ಶಾಂತಿಪುರಾಣ ಇಂದು ಪೂರ್ತಿಯಾಗಿ ಓದಲು ಸಿಗುತ್ತದೆ. ಅವನದೇ ಆದ ಭುವನೈಕರಾಮಾಭ್ಯುದಯ ಸಿಗುವುದಿಲ್ಲ. ಅದರವೆಂದು ವಿದ್ವಾಂಸರು ಗುರುತಿಸುವ ಬಿಡಿ ಪದ್ಯಗಳಷ್ಟೇ ಬೇರೆಯವರ ಗ್ರಂಥಗಳಲ್ಲಿ ಉಳಿದಿವೆ. ಒಬ್ಬನೇ ಕವಿ, ಒಂದೇ ಕಾಲ, ಅದೇ ತಾಳೆಗರಿ. ಹಾಗಿದ್ದೂ ಒಂದು ಬದುಕಿತು, ಇನ್ನೊಂದು ಅಳಿಯಿತು. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಸಿ ಹಂಚಿದಳು ಎಂಬುದು ಕನ್ನಡಿಗರಿಗೆ ಗೊತ್ತಿರುವ ಸಂಗತಿ. ಸಾವಿರ ಎಂಬುದು ಹೊಗಳಿಕೆಯ ಲೆಕ್ಕವಿರಬಹುದು ಎಂದು ಯಾರಾದರೂ ಹೇಳಿದರೆ ಒಪ್ಪೋಣ. ನೂರೇ ಆಗಿದ್ದರೂ ನೂರು ಕಡೆಗಳಲ್ಲಿ ಆ ಕೃತಿ ಇತ್ತು ಎಂದಾಯಿತು. ನಮ್ಮಲ್ಲಿ ಬರಹವನ್ನು ಕಾಪಾಡಿದ್ದು ಗರಿಯ ಗಟ್ಟಿತನವಲ್ಲ, ಪ್ರತಿ ಮಾಡುವ ಪದ್ಧತಿ. ಕಂಪ್ಯೂಟರಿನಲ್ಲಿ ಕುಟುಂಬದ ಫೋಟೊ, ದಾಖಲೆ, ಬರಹಗಳನ್ನು ಇಟ್ಟುಕೊಂಡವರು ಇಂದು ಗಮನಿಸಬೇಕಾದದ್ದೂ ಇದನ್ನೇ.

ತಾಳೆಗರಿ ಬಡವರಿಗೂ ಎಟಕುವ ಸಾಮಗ್ರಿ. ಗರಿಯನ್ನು ಬೇಯಿಸಿ, ನೆರಳಲ್ಲಿ ಒಣಗಿಸಿ, ತಿಕ್ಕಿ ನುಣುಪು ಮಾಡಿ, ಒಂದೇ ಅಳತೆಗೆ ಕತ್ತರಿಸುತ್ತಿದ್ದರು. ಕಬ್ಬಿಣದ ಕಂಟದಿಂದ ಕೊರೆದಾಗ ಅಕ್ಷರ ಸರಿಯಾಗಿ ಕಾಣುವುದಿಲ್ಲ. ಸೊಪ್ಪಿನ ರಸದಲ್ಲಿ ಕಲಸಿದ ದೀಪದ ಮಸಿಯನ್ನು ಮೇಲೆ ಸವರಿ ಒರೆಸಿದ ಮೇಲೆ ಗೀರುಗಳಲ್ಲಿ ಕಪ್ಪು ನಿಂತು ಸಾಲು ಎದ್ದು ಬರುತ್ತದೆ. ತೂತಿಗೆ ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಬಿಗಿದು, ಬಟ್ಟೆ ಸುತ್ತಿದರೆ ಕಟ್ಟು ಸಿದ್ಧ. ಎಷ್ಟೋ ಮನೆಗಳಲ್ಲಿ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು, ಹೊಗೆಗೆ ಹುಳು ಬಾರದಿರಲಿ ಎಂದು. ಆದರೂ ನಮ್ಮ ಮಳೆಗಾಲ, ಗೆದ್ದಲು, ಬೆಂಕಿಗಳ ನಡುವೆ ಗರಿಯ ಆಯುಸ್ಸು ಕೆಲವು ತಲೆಮಾರುಗಳದ್ದು ಎಂದೇ ಬರೆಯುವವರು ತಿಳಿದಿದ್ದರು. ಎಣ್ಣೆ, ನೀರು, ಸಡಿಲ ಕಟ್ಟುಗಳಿಂದ ಪುಸ್ತಕವನ್ನು ಕಾಪಾಡಿ ಎಂದು ಲಿಪಿಕಾರರು ಕೊನೆಯ ಗರಿಯಲ್ಲಿ ಬೇಡಿಕೊಳ್ಳುತ್ತಿದ್ದುದು ಅದಕ್ಕಾಗಿ. ಹಳೆಯದು ಮುರಿಯುವ ಮೊದಲೇ ಹೊಸದನ್ನು ಬರೆಸುವುದು ರೂಢಿಯಾಯಿತು.

ಈ ರೂಢಿಗೆ ಬಲ ಕೊಟ್ಟದ್ದು ವ್ರತ. ಜೈನರಲ್ಲಿ ಶಾಸ್ತ್ರದಾನ ದೊಡ್ಡ ಪುಣ್ಯ. ನೋಂಪಿಯ ಉದ್ಯಾಪನೆಗೆ ಗ್ರಂಥ ಬರೆಸಿ ಮುನಿಗಳಿಗೆ ಕೊಡುವವರಲ್ಲಿ ಹೆಂಗಸರು ಮುಂದಿದ್ದರು. ಮೂಡಬಿದಿರೆಯಲ್ಲಿರುವ ಮಹಾಧವಲವೆಂಬ ಸಿದ್ಧಾಂತ ಗ್ರಂಥದ ಪ್ರತಿಯನ್ನು ಬರೆಸಿದವಳು ಮಲ್ಲಿಕಬ್ಬೆ. ಜ್ಯೇಷ್ಠ ಶುದ್ಧ ಶ್ರುತಪಂಚಮಿಯಂದು ಕಟ್ಟುಗಳನ್ನು ಬಿಚ್ಚಿ, ದೂಳು ಕೊಡವಿ ಪೂಜಿಸುವ ಪದ್ಧತಿ ಈಗಲೂ ಇದೆ. ವರ್ಷಕ್ಕೊಮ್ಮೆಯಾದರೂ ಹುಳು ಬಿದ್ದಿದೆಯೇ ಎಂದು ನೋಡಿದಂತಾಗುತ್ತಿತ್ತು. ಪ್ರತಿ ಮಾಡುವ ಪದ್ಧತಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಮೂಡಬಿದಿರೆಯೇ ಸಾಕ್ಷಿ. ಮಹಾಧವಲ, ಧವಲ ಮೊದಲಾದ ಹಳಗನ್ನಡ ಲಿಪಿಯ ಆ ಪ್ರಾಕೃತ ಸಿದ್ಧಾಂತ ಗ್ರಂಥಗಳು ಶತಮಾನಗಳ ಕಾಲ ಆ ಒಂದೇ ಊರಿನ ಬಸದಿಯಲ್ಲಿ ದರ್ಶನದ ವಸ್ತುವಾಗಿ ಉಳಿದವು. ನಕಲು ಮಾಡುವ ಕೆಲಸ ಶುರುವಾದದ್ದು 19ನೇ ಶತಮಾನದ ಕೊನೆಗೆ. ಧವಲದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಅಷ್ಟರಲ್ಲಿ ಮಹಾಧವಲದ ಕೆಲವು ಗರಿಗಳು ಹೋಗಿಬಿಟ್ಟಿದ್ದವು. ಅಲ್ಲಿದ್ದ ಪಾಠ ಈಗ ಎಲ್ಲಿಯೂ ಇಲ್ಲ.

ಶಾಸನಗಳು ಉಳಿದಿಲ್ಲವೇ, ಗಟ್ಟಿ ಮಾಧ್ಯಮವೇ ಮೇಲಲ್ಲವೇ ಎಂದು ಕೇಳಬಹುದು. ಹಲ್ಮಿಡಿಯ ಕಲ್ಲು ಹದಿನೈದು ಶತಮಾನ ಬಾಳಿದೆ, ನಿಜ. ಆದರೆ ಮೆಟ್ಟಿಲಾಗಿ, ಅಡಿಪಾಯವಾಗಿ ಕಾಣೆಯಾದ ಕಲ್ಲುಗಳನ್ನು ಎಣಿಸುವವರಿಲ್ಲ; ಅವುಗಳಲ್ಲಿ ಕೆಲವು ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಪುಟಗಳಲ್ಲಿ ಉಳಿದಿದ್ದರೆ ಅದಕ್ಕೂ ನಕಲೇ ಕಾರಣ. ಪ್ರತಿ ಮಾಡಿದಾಗಲೆಲ್ಲ ತಪ್ಪು ನುಸುಳುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಪಾಠಾಂತರಗಳಿಂದ ನಮ್ಮ ಸಂಪಾದಕರು ಪಟ್ಟ ಪಾಡು ಸಣ್ಣದಲ್ಲ. ಆದರೂ ಒಂದು ಪ್ರತಿಯ ತಪ್ಪನ್ನು ತಿದ್ದಲು ಅವರಿಗೆ ಒದಗಿದ್ದು ಇನ್ನೊಂದು ಪ್ರತಿಯೇ.

ಇಂದಿನ ಹಾರ್ಡ್ ಡಿಸ್ಕ್ ತಾಳೆಗರಿಗಿಂತ ಅಲ್ಪಾಯು. ಕೆಲವೇ ವರ್ಷಗಳಲ್ಲಿ ಕೈಕೊಡಬಹುದು. ಎಸ್‌ಎಸ್‌ಡಿಯನ್ನು ಕರೆಂಟು ಕೊಡದೆ ವರ್ಷಗಟ್ಟಲೆ ಇಟ್ಟರೆ ಬರಹ ಮಾಸುವ ಅಪಾಯವಿದೆ. ದುಬಾರಿ ಪೆಟ್ಟಿಗೆಯೊಳಗೆ ಎರಡು ಡಿಸ್ಕ್ ಜೋಡಿಸಿಟ್ಟರೂ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ, ಕಳ್ಳ ಒಯ್ದರೆ ಎರಡೂ ಹೋಗುತ್ತವೆ. ಫೋನಿನೊಂದಿಗೆ ತಾನೇ ಹೊಂದಿಸಿಕೊಳ್ಳುವ ಕ್ಲೌಡ್ ಖಾತೆಯಲ್ಲೂ ಇಲ್ಲಿ ಅಳಿಸಿದ ಫೋಟೊ ಅಲ್ಲಿ ಬಹುಕಾಲ ಉಳಿಯುವುದಿಲ್ಲ. ಛಾಯಾಗ್ರಾಹಕ ಪೀಟರ್ ಕ್ರೋ ಹೇಳಿದ 3-2-1 ಸೂತ್ರ, ಅಂದರೆ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಎಂಬುದು, ನಮ್ಮ ಮಠ, ಬಸದಿ, ಮನೆಗಳು ಹಿಂದೆ ನಡೆಸಿಕೊಂಡು ಬಂದದ್ದಕ್ಕೆ ತೀರ ಹತ್ತಿರದ್ದು. ಖರ್ಚು ಕಡಿಮೆ ಇರಬೇಕೆನ್ನುವವರಿಗೆ ಸಾಧಾರಣ ಬೆಲೆಯ ಎರಡು ಎಕ್ಸ್‌ಟರ್ನಲ್ ಡಿಸ್ಕ್ ಸಾಕು: ಒಂದು ಮನೆಯಲ್ಲಿ, ಕೆಲಸವಾದೊಡನೆ ಕಂಪ್ಯೂಟರಿನಿಂದ ಬಿಚ್ಚಿಟ್ಟು, ಇನ್ನೊಂದು ಬೇರೆ ಊರಿನ ನಂಟರ ಮನೆಯಲ್ಲಿ. ತೀರ ಮುಖ್ಯವಾದ ಕಾಗದಪತ್ರಗಳನ್ನು ಕ್ಲೌಡಿನಲ್ಲೂ ಇಡಿ. ವರ್ಷಕ್ಕೊಂದು ದಿನ ಗೊತ್ತುಮಾಡಿಕೊಂಡು ಎರಡೂ ಡಿಸ್ಕ್‌ಗಳನ್ನು ತೆರೆದು, ಕಡತಗಳು ಓದಲು ಬರುತ್ತವೆಯೇ ಎಂದು ನೋಡಿ. ಮನೆಯ ಅಟ್ಟದಲ್ಲಿ ಹಳೆಯ ಗರಿಯ ಕಟ್ಟು ಇದ್ದರೆ ಹೊಳೆಗೆ ಬಿಡಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ಒಮ್ಮೆ ತೋರಿಸಿ.