18 ಸೆಂಟಿಮೀಟರ್ ವಿಮಾನ, 23 ವರ್ಷದ ಮೌನ

ಆಗುಂಬೆ ಕಡೆ ಮಳೆ ಹಿಡಿದರೆ ಮಕ್ಕಳಿಗೆ ಜಗಲಿಯೇ ಮೈದಾನ. ಅಲ್ಲಿ ಕೂತು ಪ್ಲಾಸ್ಟಿಕ್ ಯುದ್ಧವಿಮಾನ ಜೋಡಿಸೋ ಹುಡುಗರಿದ್ದರೆ ಒಂದು ಕೆಲಸ ಮಾಡಲಿ. ಎರಡು ಮಾಡೆಲ್ ಪಕ್ಕಪಕ್ಕ ಇಟ್ಟು ನೋಡಲಿ. ಎರಡೂ ಅಸಲಿ ವಿಮಾನದ 72ನೇ ಒಂದು ಭಾಗದ ಅಳತೆ. ಫ್ರಾನ್ಸಿನ ಮಿಸ್ಟೀರ್ ಸುಮಾರು 18 ಸೆಂಟಿಮೀಟರ್ ಉದ್ದ. ಅಮೆರಿಕದ ಎಫ್-104 ಸ್ಟಾರ್‌ಫೈಟರ್ 23. ರೆಕ್ಕೆ ಮಾತ್ರ ಮೋಟು, ಥೇಟ್ ಕ್ಷಿಪಣಿ ಥರ.

ಅಸಲಿ ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರೋದು. ನಮ್ಮ ಮಿಸ್ಟೀರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ದಾಟ್ತಿರಲಿಲ್ಲ. ಈ ಎರಡೂ ಮುಖಾಮುಖಿಯಾದರೆ ಗೆಲ್ಲೋರು ಯಾರು? ಯಾರನ್ನೇ ಕೇಳಿ, ಸ್ಟಾರ್‌ಫೈಟರ್ ಅಂತಾರೆ.

ಅದನ್ನು ಸುಳ್ಳು ಮಾಡಿದವರು ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ.

1965ರ ಸೆಪ್ಟೆಂಬರ್ 7. ಪಂಜಾಬಿನ ಆದಂಪುರದಿಂದ ವಿಂಗ್ ಕಮಾಂಡರ್ ಓ.ಪಿ. ತನೇಜಾ ನೇತೃತ್ವದಲ್ಲಿ ಮಿಸ್ಟೀರ್ ವಿಮಾನಗಳು ಹೊರಟವು. ಗುರಿ, ಪಾಕಿಸ್ತಾನದ ಸರ್ಗೋಧಾ ವಾಯುನೆಲೆ. ದೇವಯ್ಯ ಆವತ್ತು ಸ್ಟ್ಯಾಂಡ್‌ಬೈ ಪೈಲಟ್. ಯಾರಾದರೂ ಹಿಂದೆ ಸರಿದರೆ ಮಾತ್ರ ಹೋಗಬೇಕು. ಹೋಗುವ ಪ್ರಸಂಗ ಬಂತು. ಹೋದರು. ವಯಸ್ಸು 32.

ದಾರಿ ದೂರ, ಇಂಧನ ಲೆಕ್ಕಾಚಾರದ್ದು. ಬಾಂಬ್ ಹಾಕಿ ವಾಪಸ್ ಬಂದರೆ ಸಾಕು ಅನ್ನೋ ಪರಿಸ್ಥಿತಿ. ಆಗ ಸ್ಟಾರ್‌ಫೈಟರ್ ಬೆನ್ನು ಹತ್ತಿತು. ಅದರ ಗುಂಡೇಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿ ಬಿದ್ದರು. ಪಾಕಿಸ್ತಾನಿ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಹಾರಿ ಬದುಕಿಕೊಂಡ. ದೇವಯ್ಯ ಬರಲಿಲ್ಲ.

ಇಲ್ಲಿಂದಾಚೆ ಕೇಳಿ. ಸಂಗಡಿಗರಲ್ಲಿ ಆ ಕಾಳಗ ಕಂಡವರೇ ಇಲ್ಲ. ಹಾಗಾಗಿ ನಮ್ಮ ದಾಖಲೆಯಲ್ಲಿ ಅವರು ಬರೀ 'ಕಾಣೆಯಾದವರು'. ನಿಜ ಹೊರಬಂದಿದ್ದು ಎಲ್ಲಿಂದ? ದೆಹಲಿಯ ಕಡತದಿಂದ ಅಲ್ಲ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಪಡೆ ಬಗ್ಗೆ 1979ರಲ್ಲಿ ಬರೆದ ಪುಸ್ತಕದಿಂದ! ಸ್ಟಾರ್‌ಫೈಟರ್ ಒಂದು ಮಿಸ್ಟೀರ್ ಜತೆಗಿನ ಕಾಳಗದಲ್ಲಿ ಬಿತ್ತು ಅಂತ ಅದರಲ್ಲಿತ್ತು. ತನೇಜಾ ತಂಡದಲ್ಲಿ ವಾಪಸ್ ಬರದ ಮಿಸ್ಟೀರ್ ಒಂದೇ. ಲೆಕ್ಕ ಕೂಡಿಕೊಂಡಿತು. ತನೇಜಾ ಸರಕಾರಕ್ಕೆ ಬರೆದರು. ಕೊನೆಗೆ 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ. ಪದಕ ಪತ್ನಿಯ ಕೈ ಸೇರುವಾಗ 23 ವರ್ಷ ಕಳೆದಿತ್ತು.

ಯುದ್ಧದಲ್ಲಿ ಸಾಕ್ಷಿ ಬೇಕು, ಸರಿ. ಸಾಕ್ಷಿ ಇಲ್ಲದೆ ಪದಕ ಹಂಚೋಕಾಗಲ್ಲ. ಆದರೆ ಪುಸ್ತಕ ಬಂದಮೇಲೂ ಒಂಬತ್ತು ವರ್ಷ ಬೇಕಿತ್ತಾ? ಒಂದು ಮನೆಯವರು 'ಕಾಣೆ' ಅನ್ನೋ ಪದದ ಜೊತೆ ಅಷ್ಟು ವರ್ಷ ಬದುಕೋದು ಅಂದರೆ ಏನು, ಯೋಚಿಸಿ.

2025ರಲ್ಲಿ ಬಂದ ಹಿಂದಿಯ 'ಸ್ಕೈ ಫೋರ್ಸ್' ಸಿನಿಮಾ ಈ ಕಥೆಯಿಂದಲೇ ಹುಟ್ಟಿದ್ದು. ತೆರೆ ಮೇಲಿನ ಪಾತ್ರದ ಹೆಸರು ಬೇರೆ. ಅಸಲಿ ಹೆಸರನ್ನು ಕನ್ನಡದ ಮಕ್ಕಳಿಗೆ ಹೇಳೋ ಜವಾಬ್ದಾರಿ ನಮ್ಮದೇ. ಮಾಡೆಲ್ ಡಬ್ಬದಲ್ಲಿ ರೆಕ್ಕೆ ಎಲ್ಲಿ ಅಂಟಿಸಬೇಕು ಅಂತ ಬರೆದಿರುತ್ತೆ. ಯಾರು ಹಾರಿಸಿದ್ದರು ಅನ್ನೋದನ್ನು ಮನೆಯವರೇ ಹೇಳಬೇಕು.